ದ್ವೀಪ ನೋಡುವುದು ಬೇರೆ, ದ್ವೀಪದಲ್ಲಿ ಇರುವುದು ಬೇರೆ

ನಮ್ಮ ಚಿತ್ರದುರ್ಗ ಜಿಲ್ಲೆಯ ಹುಡುಗನಿಗೋ ಹುಡುಗಿಗೋ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿ, ಮೊದಲ ಪೋಸ್ಟಿಂಗ್ ಅಂಡಮಾನಿಗೆ ಎಂದು ಆರ್ಡರ್ ಬಂದರೆ ಮನೆಯಲ್ಲಿ ಎರಡು ಥರದ ಮಾತು ಏಳುತ್ತವೆ. ಅಜ್ಜಿ ‘ಮಗೀನ ಕರಿನೀರಿಗೆ ಕಳಿಸ್ತೀರೇನ್ರೋ’ ಎಂದು ಕಣ್ಣೀರು ಹಾಕುತ್ತಾಳೆ. ತಮ್ಮ, ತಂಗಿ ಮೊಬೈಲಿನಲ್ಲಿ ನೀಲಿ ಸಮುದ್ರ, ಬಿಳಿ ಮರಳು ತೋರಿಸಿ ‘ನಿನ್ನಂಥ ಅದೃಷ್ಟ ಯಾರಿಗುಂಟು’ ಎನ್ನುತ್ತಾರೆ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ಕಡಲತೀರದಲ್ಲಿದ್ದ ಚಿತ್ರಗಳು ಮನೆಮನೆ ತಲುಪಿದ ಮೇಲೆ ಈ ಎರಡನೆಯ ಮಾತಿಗೆ ಬಲ ಹೆಚ್ಚಿದೆ. ಇಲ್ಲಿನ ಬಿಸಿಲು, ಬೋರ್‌ವೆಲ್ಲು, ಸಾಲ ಎಲ್ಲ ಬಿಟ್ಟು ಅಲ್ಲೇ ಹೋಗಿ ನೆಲೆಸಿದರೆ ಹೇಗೆ ಎಂದು ಗಂಭೀರವಾಗಿಯೇ ಲೆಕ್ಕ ಹಾಕುವ ಯುವಕರಿದ್ದಾರೆ. ಅಜ್ಜಿಯ ಭಯ ಬ್ರಿಟಿಷರು ಕೈದಿಗಳನ್ನು ಅಲ್ಲಿಗೆ ಅಟ್ಟುತ್ತಿದ್ದ ಕಾಲದ್ದು, ಎಪ್ಪತ್ತೆಂಬತ್ತು ವರ್ಷ ಹಳೆಯದು. ಹುಡುಗರ ಆಸೆಗೆ ಬುಡವೇ ಇಲ್ಲ. ದ್ವೀಪದಲ್ಲಿ ಹೊರಗಿನವರಾಗಿ ಬದುಕುವುದೆಂದರೆ ಏನು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ದ್ವೀಪದ ಕಷ್ಟಗಳಿಗೆಲ್ಲ ಎರಡೇ ಮೂಲ: ದೂರ ಮತ್ತು ಇಕ್ಕಟ್ಟು. ಬೇಕಾದ ಸಾಮಾನು ಸಮುದ್ರ ದಾಟಿ ಬರಬೇಕು, ಇರುವ ಜಾಗದಲ್ಲೇ ಎಲ್ಲರೂ ಹೊಂದಿಕೊಳ್ಳಬೇಕು. ದ್ವೀಪದವರಿಗೂ ಈ ಕಷ್ಟ ತಪ್ಪಿದ್ದಲ್ಲ. ಆದರೆ ಅವರಿಗೆ ಮನೆಯಿದೆ, ಬಾವಿಯಿದೆ, ದೋಣಿಯಿದೆ, ನಾಲ್ಕು ಹೆಜ್ಜೆಗೊಬ್ಬ ನೆಂಟನಿದ್ದಾನೆ. ಹೊರಗಿನಿಂದ ಹೋದವರ ಕೈಯಲ್ಲಿ ಇರುವುದು ಸಂಬಳ ಮಾತ್ರ. ಚಿತ್ರದುರ್ಗದಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ಎಷ್ಟೋ ವಸ್ತುಗಳು ದ್ವೀಪದಲ್ಲಿ ಬಳಗದವರಿಗಷ್ಟೇ ಸಿಗುತ್ತವೆ.

ಮೊದಲು ಜಾಗದ ಲೆಕ್ಕ ನೋಡಿ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಒಟ್ಟು ವಿಸ್ತೀರ್ಣ 8,249 ಚದರ ಕಿಲೋಮೀಟರ್. ನಮ್ಮ ಚಿತ್ರದುರ್ಗ ಜಿಲ್ಲೆಯದು ಸುಮಾರು 8,400. 2011ರ ಜನಗಣತಿಯಲ್ಲಿ ನಮ್ಮಲ್ಲಿ 16 ಲಕ್ಷಕ್ಕೂ ಹೆಚ್ಚು ಜನರಿದ್ದರೆ ಅಲ್ಲಿ 3.8 ಲಕ್ಷ. ಬೇಕಾದಷ್ಟು ಜಾಗವಿದೆ ಎಂದು ಅನ್ನಿಸುವುದು ಸಹಜ. ಆದರೆ ಅಲ್ಲಿನ ನೆಲದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಕಾಡು. ಜಾರವಾ, ಓಂಗೆ, ಸೆಂಟಿನೆಲೀಸ್, ಶೊಂಪೆನ್, ನಿಕೋಬಾರಿ ಜನರ ನೆಲೆಗಳನ್ನು 1956ರ ಆದಿವಾಸಿ ಸಂರಕ್ಷಣಾ ಕಾನೂನು ಕಾಯುತ್ತದೆ. ಉಳಿದ ತುಂಡು ನೆಲದಲ್ಲೇ ಊರು, ಗದ್ದೆ, ಕಚೇರಿ, ರೆಸಾರ್ಟ್ ಎಲ್ಲವೂ ಆಗಬೇಕು. ಇನ್ನು ಲಕ್ಷದ್ವೀಪದ ಅಷ್ಟೂ ದ್ವೀಪಗಳನ್ನು ಸೇರಿಸಿದರೂ 32 ಚದರ ಕಿಲೋಮೀಟರ್. ಅದರಲ್ಲಿ 64 ಸಾವಿರ ಜನ, ಎಂದರೆ ಚಿತ್ರದುರ್ಗ ನಗರದ ಸುಮಾರು ಅರ್ಧದಷ್ಟು. ರಾಜಧಾನಿ ಕವರತ್ತಿಯನ್ನು ಈ ತುದಿಯಿಂದ ಆ ತುದಿಗೆ ಬೆಳಗಿನ ನಡಿಗೆಯಲ್ಲೇ ಮುಗಿಸಬಹುದು. ಮೊದಲ ವಾರ ಅದು ಚಂದ. ವರ್ಷವಿಡೀ ಅದೇ ರಸ್ತೆ, ಅದೇ ಮುಖಗಳೆಂದಾಗ ಮನಸ್ಸು ಮುದುಡುತ್ತದೆ.

ನೀರಿನ ವಿಚಾರ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಜನ ನಾವು. ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಗಟ್ಟಿಸಿಕೊಂಡವರು, ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಂತವರು. ನಮ್ಮಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಅಂಡಮಾನಿನಲ್ಲಿ ಮೂರು ಸಾವಿರದ ಆಸುಪಾಸು. ಹೀಗಿದ್ದೂ 2024ರ ಸೆಪ್ಟೆಂಬರ್‌ನಲ್ಲಿ ಶ್ರೀವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್‌ಬ್ಲೇರ್‌ನಲ್ಲಿ ಬೇಸಿಗೆ ಬಂದರೆ ನಲ್ಲಿ ನೀರಿಗೆ ದಿನ ಬಿಟ್ಟು ದಿನ, ಒಮ್ಮೊಮ್ಮೆ ಹಲವು ದಿನ ಕಾಯಬೇಕಾಗುತ್ತದೆ. ಗುಡ್ಡಗಳು ಕಡಿದಾಗಿವೆ, ಹಳ್ಳಗಳು ಗಿಡ್ಡ. ಬಿದ್ದ ಮಳೆ ಸ್ವಲ್ಪ ಹೊತ್ತಿನಲ್ಲೇ ಸಮುದ್ರ ಸೇರುತ್ತದೆ. ನಗರಕ್ಕೆ ಆಧಾರವಾದ ಧನಿಖಾರಿ ಅಣೆಕಟ್ಟು ಮಾರಿಕಣಿವೆಯ ಮುಂದೆ ಬಹಳ ಚಿಕ್ಕದು. ಸ್ವಂತ ಮನೆಯವರು ಚಾವಣಿಯ ನೀರು ಹಿಡಿದು ತೊಟ್ಟಿ ತುಂಬಿಸಿಕೊಂಡಿರುತ್ತಾರೆ. ಬಾಡಿಗೆ ಮನೆಯವರು ಮಾಲೀಕರ ಕೃಪೆ ಕಾಯಬೇಕು.

ಲಕ್ಷದ್ವೀಪದಲ್ಲಿ ಕಥೆ ಇನ್ನೂ ಸೂಕ್ಷ್ಮ. ಅವು ಹವಳದ ದ್ವೀಪಗಳು. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ತೇಲುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ, ಅದಕ್ಕೇ ಮೇಲೆ ನಿಲ್ಲುತ್ತದೆ. ಆ ಪದರದ ಮೇಲ್ಮಟ್ಟ ಒಂದಡಿ ತಗ್ಗಿದರೆ ಅದರ ತಳ ಸುಮಾರು ನಲವತ್ತಡಿ ಮೇಲೇರಬೇಕೆಂಬುದು ಭೂಜಲ ಶಾಸ್ತ್ರದ ಲೆಕ್ಕ. ನಾವು ಹಿರಿಯೂರಿನಲ್ಲಿ ಐನೂರು ಅಡಿಗೆ ನೀರು ಬತ್ತಿದರೆ ಎಂಟುನೂರಕ್ಕೆ ಇಳಿಸುತ್ತೇವೆ. ಅಲ್ಲಿ ಆಳಕ್ಕೆ ಹೋದಷ್ಟೂ ಉಪ್ಪು. ಪಂಪು ಹಾಕಿ ಜೋರಾಗಿ ಎಳೆದರೆ ನಿಮ್ಮ ಬಾವಿಯ ಜೊತೆ ಪಕ್ಕದವರ ಬಾವಿಯೂ ಕೆಡುತ್ತದೆ. ಶೌಚದ ಗುಂಡಿಯ ನೀರು ಅದೇ ಮರಳಿನಲ್ಲಿ ಸೋಸಿ ಅದೇ ಬಾವಿಗೆ ಬರುತ್ತದೆ. ಹೊರಗಿನಿಂದ ಹತ್ತು ಮನೆ ಹೆಚ್ಚು ಬಂದರೆ ಆ ಭಾರ ಊರಿಡೀ ಹೊರಬೇಕು. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವನ್ನು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಆರಂಭಿಸಿತು. ಮೇಲ್ಭಾಗದ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಅದನ್ನು ತಂಪಾಗಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತೆಗೆಯುವ ವ್ಯವಸ್ಥೆ ಅದು. ದೊಡ್ಡ ಅನುಕೂಲವೇ. ಆದರೆ ಯಂತ್ರವನ್ನು ನಂಬಿದ ನೀರು ಯಂತ್ರ ನಿಂತರೆ ನಿಲ್ಲುತ್ತದೆ. 2014ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಇಂಥ ಘಟಕಕ್ಕೆ ಬೆಂಕಿ ಬಿದ್ದು ಸುಮಾರು ಒಂದು ಲಕ್ಷ ಜನ ಕುಡಿಯುವ ನೀರಿಲ್ಲದೆ ಕುಳಿತರು. ನಮ್ಮ ದೇಶ ವಿಮಾನ, ಹಡಗುಗಳಲ್ಲಿ ನೀರು ಸಾಗಿಸಬೇಕಾಯಿತು.

ದೂರದ ಕಷ್ಟ ಅಡುಗೆಮನೆಯಿಂದಲೇ ಶುರುವಾಗುತ್ತದೆ. ಅಂಡಮಾನ್ ಚೆನ್ನೈನಿಂದ ಸುಮಾರು 1,200 ಕಿಲೋಮೀಟರ್, ಹಡಗಿನಲ್ಲಿ ಮೂರು ದಿನದ ದಾರಿ. ಅಕ್ಕಿ, ಬೇಳೆ, ಈರುಳ್ಳಿ, ಸಿಮೆಂಟು, ಗ್ಯಾಸ್ ಸಿಲಿಂಡರ್, ಔಷಧಿ ಬಹುಪಾಲು ಸಮುದ್ರ ದಾಟಿಯೇ ಬರಬೇಕು. ಹಡಗು ತಡವಾದರೆ ತರಕಾರಿಯ ಬೆಲೆ ಏರುತ್ತದೆ, ಏರಿದ ಬೆಲೆಗೂ ಬಾಡಿದ ಸೊಪ್ಪೇ ಗತಿ. ತೆಂಗಿನಕಾಯಿ, ಮೀನು ಧಾರಾಳ. ಆದರೆ ರಾಗಿ ಮುದ್ದೆ, ಜೋಳದ ರೊಟ್ಟಿ ತಿಂದು ಬೆಳೆದವರು ಊರಿನಿಂದಲೇ ಹಿಟ್ಟು ಒಯ್ಯಬೇಕು, ಆ ಹಿಟ್ಟು ಅಲ್ಲಿನ ತೇವಕ್ಕೆ ಬೇಗ ಹುಳು ಹಿಡಿಯುತ್ತದೆ. ವಿದ್ಯುತ್ ಬಹುಪಾಲು ಡೀಸೆಲ್ ಜನರೇಟರುಗಳಿಂದ. ದೇಶದ ಗ್ರಿಡ್‌ಗೆ ತಂತಿ ಎಳೆಯುವಂತಿಲ್ಲ. ಇಂಟರ್‌ನೆಟ್ ಮಟ್ಟಿಗೆ ಮಾತ್ರ ಹಳೆಯ ಗೋಳು ಬಹಳ ಕಡಿಮೆಯಾಗಿದೆ. ಚೆನ್ನೈನಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ ಬಂತು.

ಲಕ್ಷದ್ವೀಪದಲ್ಲಿ ಹಡಗಿನಿಂದ ಇಳಿಯುವುದನ್ನು ಒಮ್ಮೆ ನೋಡಬೇಕು. ಸುತ್ತ ಹವಳದ ದಿಬ್ಬವಿರುವುದರಿಂದ ಹಲವು ಕಡೆ ದೊಡ್ಡ ಹಡಗು ದಡಕ್ಕೆ ಬರಲಾರದು. ದೂರದಲ್ಲೇ ಲಂಗರು ಹಾಕುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆದು, ಕೆಳಗೆ ಅಲೆಯ ಮೇಲೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಒಬ್ಬೊಬ್ಬರನ್ನೇ ದಾಟಿಸುತ್ತಾರೆ. ದೋಣಿ ಮೇಲೆದ್ದ ಕ್ಷಣ ನೋಡಿ ಹೆಜ್ಜೆ ಇಡಬೇಕು, ಎರಡೂ ಕಡೆಯಿಂದ ಸಿಬ್ಬಂದಿ ಕೈ ಹಿಡಿದು ಎಳೆದುಕೊಳ್ಳುತ್ತಾರೆ. ಅಲ್ಲಿನ ಮಕ್ಕಳು ಆಡುತ್ತಾ ಜಿಗಿಯುತ್ತಾರೆ. ಮಾರಿಕಣಿವೆಯ ಹಿನ್ನೀರು ಬಿಟ್ಟರೆ ಬೇರೆ ನೀರು ನೋಡದ ನಮ್ಮ ಕಡೆಯ ತಾಯಿಯೊಬ್ಬಳು ಕಂಕುಳ ಕೂಸಿನೊಂದಿಗೆ ಆ ಬಾಗಿಲಲ್ಲಿ ನಿಂತರೆ ಕಾಲು ನಡುಗದೆ ಇರದು. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರದಲ್ಲಿ ಈ ಸಂಚಾರವೂ ಕಡಿಮೆಯಾಗುತ್ತದೆ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಅಂಡಮಾನಿನಲ್ಲೂ ಹವೆ ಕೆಟ್ಟರೆ ಸಂಚಾರ ನಿಲ್ಲುತ್ತದೆ. 2016ರ ಡಿಸೆಂಬರ್‌ನಲ್ಲಿ ಬಿರುಗಾಳಿಗೆ ದೋಣಿಗಳು ನಿಂತಾಗ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳೇ ಹೋಗಬೇಕಾಯಿತು.

ಕಾಯಿಲೆ ಬಂದಾಗ ಈ ದೂರ ಜೀವದ ಪ್ರಶ್ನೆಯಾಗುತ್ತದೆ. ಹೊಳಲ್ಕೆರೆಯಲ್ಲಿ ಎದೆನೋವು ಬಂದವರನ್ನು ಚಿತ್ರದುರ್ಗಕ್ಕೆ, ಅಲ್ಲಿ ಆಗದಿದ್ದರೆ ದಾವಣಗೆರೆಗೋ ಬೆಂಗಳೂರಿಗೋ ರಾತ್ರೋರಾತ್ರಿ ಸಾಗಿಸಬಹುದು. ಚಿಕ್ಕ ದ್ವೀಪದಲ್ಲಿ ದೊಡ್ಡ ಕಾಯಿಲೆ ಎಂದರೆ ಹೆಲಿಕಾಪ್ಟರ್‌ಗೆ ಕಾಯುವುದು, ಹೆಲಿಕಾಪ್ಟರ್ ಎಂದರೆ ಹವೆ ತಿಳಿಯಾಗಲು ಕಾಯುವುದು. ಅಂಡಮಾನಿನ ರಾಜಧಾನಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ಆದರೂ ಕಠಿಣ ಪ್ರಕರಣಗಳಿಗೆ ಚೆನ್ನೈಯೇ ಗತಿ. ವಯಸ್ಸಾದ ತಂದೆತಾಯಿಯನ್ನು, ಹೆರಿಗೆಯ ದಿನ ಹತ್ತಿರವಾದ ಹೆಂಡತಿಯನ್ನು, ಡಯಾಲಿಸಿಸ್ ಬೇಕಾದವರನ್ನು ಜೊತೆಗೆ ಕರೆದೊಯ್ಯುವ ಮೊದಲು ಇದನ್ನು ಹತ್ತು ಸಲ ಯೋಚಿಸಬೇಕು.

ಇದಕ್ಕಿಂತ ದೊಡ್ಡ ನೋವು ಇನ್ನೊಂದಿದೆ. ಊರಿನಲ್ಲಿ ಹಿರಿಯರು ತೀರಿಕೊಂಡರೆ ಬರುವುದು ಹೇಗೆ? ಹೊಸದುರ್ಗದಲ್ಲಿ ಬೆಳಿಗ್ಗೆ ಹೋದ ಜೀವವನ್ನು ನಮ್ಮವರು ಸಂಜೆಯೊಳಗೆ, ಹೆಚ್ಚೆಂದರೆ ಮರುದಿನ ಮಣ್ಣು ಮಾಡುತ್ತಾರೆ. ಹೊರದ್ವೀಪದಲ್ಲಿರುವ ಮಗ ಮೊದಲು ದೋಣಿ ಹಿಡಿಯಬೇಕು, ಆಮೇಲೆ ವಿಮಾನಕ್ಕೆ ಸೀಟು ಸಿಗಬೇಕು, ಅಲ್ಲಿಂದ ರೈಲು ಅಥವಾ ಬಸ್ಸು. ಮಳೆಗಾಲವಾದರೆ ದೋಣಿಯೇ ಹೊರಡುವುದಿಲ್ಲ. ಹಿಡಿ ಮಣ್ಣು ಹಾಕಲು ಆಗಲಿಲ್ಲ ಎಂಬ ಕೊರಗು ಆಯುಸ್ಸಿಡೀ ಉಳಿಯುತ್ತದೆ. ಮದುವೆ, ಹೆರಿಗೆ, ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವ ಒಂದೊಂದೇ ತಪ್ಪುತ್ತಾ ಹೋಗಿ, ಊರಿನಲ್ಲೂ ನಾವು ನೆಂಟರಂತೆ ಆಗಿಬಿಡುತ್ತೇವೆ.

ಹವೆಯನ್ನು ಫೋಟೊ ತೋರಿಸುವುದಿಲ್ಲ. ನಮ್ಮ ಬಿಸಿಲು ಸುಡುತ್ತದೆ, ಆದರೆ ಜೋಗಿಮಟ್ಟಿ ಬೆಟ್ಟದ ಗಾಳಿ ಬಂದಾಗ ಬೆವರು ಆರುತ್ತದೆ. ಅಲ್ಲಿ ಉಷ್ಣಾಂಶ ಮೂವತ್ತು ಡಿಗ್ರಿಯ ಆಚೀಚೆ ಇದ್ದರೂ ತೇವಾಂಶ ಹೆಚ್ಚಿರುವುದರಿಂದ ಬೆವರು ಒಣಗುವುದೇ ಇಲ್ಲ. ಚಪ್ಪಲಿ, ಬೆಲ್ಟು, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬಾಗಿಲ ಕೀಲು, ಬೈಕಿನ ಚೈನು, ಗ್ಯಾಸ್ ಸ್ಟೋವ್, ಫ್ರಿಜ್ಜಿನ ಹಿಂಬದಿ ಎಲ್ಲವನ್ನೂ ಉಪ್ಪುಗಾಳಿ ತಿನ್ನುತ್ತದೆ. ರಿಪೇರಿಗೆ ಬೇಕಾದ ಬಿಡಿಭಾಗ ಮತ್ತೆ ಹಡಗಿನಲ್ಲೇ ಬರಬೇಕು. ಇನ್ನೊಂದು ವಿಚಿತ್ರವೆಂದರೆ ಹೊತ್ತು. ಅಂಡಮಾನ್ ನಮಗಿಂತ ಹದಿನಾರು ರೇಖಾಂಶ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ಒಂದೇ. ಹೀಗಾಗಿ ಚಿತ್ರದುರ್ಗಕ್ಕಿಂತ ಅಲ್ಲಿ ಒಂದು ಗಂಟೆಗೂ ಮುಂಚೆ ಬೆಳಗಾಗಿ, ಒಂದು ಗಂಟೆಗೂ ಮುಂಚೆ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಚೇರಿ ಮುಗಿಸಿ ಹೊರಬರುವಾಗ ಎದುರಿಗೆ ಬರೀ ಕತ್ತಲು. ಒಂಟಿಯಾಗಿರುವವರಿಗೆ ಆ ಉದ್ದದ ರಾತ್ರಿ ಬಹಳ ಭಾರ.

ನೆಲವೂ ನಮ್ಮ ಬಂಡೆಗಳಂತೆ ಗಟ್ಟಿಯಲ್ಲ. ಅಂಡಮಾನ್ ಭೂಕಂಪದ ಅತಿ ಅಪಾಯದ ವಲಯದಲ್ಲಿದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ದೇಶದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿತು. ಪೋರ್ಟ್‌ಬ್ಲೇರ್ ಹತ್ತಿರದ ಸಿಪ್ಪಿಘಾಟ್‌ನ ಗದ್ದೆಗಳಿಗೆ ಸಮುದ್ರ ನುಗ್ಗಿತು. ಅಲೆ ಹಿಂದೆ ಹೋದರೂ ನೀರು ಹಿಂದೆ ಹೋಗಲಿಲ್ಲ, ಏಕೆಂದರೆ ನೆಲವೇ ಕೆಳಗೆ ಇಳಿದಿತ್ತು. ಬರಗಾಲದಲ್ಲಿ ಹೊಲ ಬೀಳು ಬಿಟ್ಟವರು ನಾವು. ಮಳೆ ಬಂದರೆ ಬೀಳು ಮತ್ತೆ ಹಸಿರಾಗುತ್ತದೆ. ಉಪ್ಪುನೀರು ನಿಂತ ಗದ್ದೆಗೆ ಆ ಭರವಸೆಯೂ ಇಲ್ಲ.

ಇನ್ನು ಹೊರಗಿನವರು ಎಂಬ ಸ್ಥಾನದ ಮಾತು. ಲಕ್ಷದ್ವೀಪಕ್ಕೂ ನಮಗೂ ಹಳೆಯ ನಂಟಿದೆ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರವರೆಗೆ ಚಿತ್ರದುರ್ಗದಂತೆ ಅವಕ್ಕೂ ಶ್ರೀರಂಗಪಟ್ಟಣವೇ ರಾಜಧಾನಿ. ಆಮೇಲೆ ಬ್ರಿಟಿಷರು ಅವನ್ನು ಕೆನರಾಕ್ಕೆ ಸೇರಿಸಿದರು. ದ್ವೀಪದವರ ತೆಂಗಿನ ನಾರನ್ನು ಸರ್ಕಾರವೇ ಕೊಂಡು, ಬದಲಿಗೆ ಅಕ್ಕಿ ಕೊಡುವ ಏಕಸ್ವಾಮ್ಯ ಮಂಗಳೂರಿನಿಂದ ನಡೆಯುತ್ತಿತ್ತು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ಅದೇ ದಿನ, ಈ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಇಂದು ಅಲ್ಲಿ ಕಾಲಿಡಲು ನಮಗೆ ಪರವಾನಗಿ ಬೇಕು. ಹೊರಗಿನವರ ಪ್ರವೇಶ ಮತ್ತು ವಾಸವನ್ನು 1967ರ ನಿಯಮಗಳು ನಿಯಂತ್ರಿಸುತ್ತವೆ. ತಂದೆತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದವರಾಗಿರುವ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು. ಅವರ ಭೂಮಿ ಹೊರಗಿನವರ ಕೈ ಸೇರದಂತೆ ಕಾನೂನಿನ ನಿರ್ಬಂಧವಿದೆ. ನೌಕರಿಯ ಮೇಲೆ ಹೋದವರು ಎಷ್ಟು ವರ್ಷ ಇದ್ದರೂ ಒಂದು ದಿನ ಪೆಟ್ಟಿಗೆ ಕಟ್ಟಲೇಬೇಕು.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. ನಮ್ಮದೇ ದೇಶದಲ್ಲಿ ನಮಗೇ ತಡೆಯೇ ಎನ್ನುತ್ತಾರೆ. ಆದರೆ ಹೊರಗಿನವರಿಂದ ದ್ವೀಪಗಳು ಏನು ಕಳೆದುಕೊಂಡಿವೆ ಎಂದು ನೋಡಿದರೆ ಸಿಟ್ಟು ಇಳಿಯುತ್ತದೆ. 1858ರಲ್ಲಿ ಬ್ರಿಟಿಷರು ಕೈದಿಗಳ ಮೊದಲ ತಂಡ ತಂದು ಇಳಿಸಿದಾಗ ಗ್ರೇಟ್ ಅಂಡಮಾನೀಸ್ ಜನ ಕೆಲವು ಸಾವಿರ ಇದ್ದರು. ಹೊರಗಿನಿಂದ ಬಂದ ರೋಗಗಳು ಅವರನ್ನು ಗುಡಿಸಿಹಾಕಿದವು. ಇಂದು ಉಳಿದವರು ಐವತ್ತರ ಆಸುಪಾಸು. ಜಾರವಾ ಜನ ನಮ್ಮವರ ಹತ್ತಿರ ಬರತೊಡಗಿದ ಒಂದೆರಡು ವರ್ಷಗಳಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. ನೆಲ, ನೀರು, ಜನ ಮೂರೂ ಅಳತೆಯಲ್ಲಿರುವ ಕಡೆ ಬಾಗಿಲು ಹಾಕಿಕೊಳ್ಳುವುದು ಸಣ್ಣತನವಲ್ಲ. ಬದುಕಿ ಉಳಿಯುವ ಉಪಾಯ ಅದು.

ಅಂಡಮಾನಿನ ಊರುಗಳಲ್ಲಿ ಇರುವವರೂ ಹೊರಗಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳೇ: ಕೈದಿಗಳ ವಂಶದವರು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು, ರಾಂಚಿಯ ಕೂಲಿಗಳು, ಬರ್ಮಾದ ಕರೆನ್ನರು, ತಮಿಳರು, ತೆಲುಗರು. ಕಷ್ಟಪಟ್ಟು ಕಾಡು ಕಡಿದು ನೆಲೆ ಕಂಡವರು. ಅಲ್ಲಿ ಯಾರು ಎಷ್ಟು ಹಳಬರು ಎಂಬುದಕ್ಕೆ ಬೆಲೆಯಿದೆ. ದ್ವೀಪವಾಸಿ ಗುರುತಿನ ಚೀಟಿ ಇದ್ದವರಿಗೆ ಹಡಗಿನ ಟಿಕೆಟ್ ಅಗ್ಗ, ಇಲ್ಲದವರಿಗೆ ದುಬಾರಿ. ವ್ಯವಹಾರ ಹಿಂದಿಯಲ್ಲಿ ನಡೆಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ಹಿಂದಿ, ಇಂಗ್ಲಿಷ್, ಬಂಗಾಳಿ, ತಮಿಳು, ತೆಲುಗು ಮಾಧ್ಯಮಗಳಿವೆ. ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆ ತಂದೆತಾಯಿಯದೇ. ಕನ್ನಡದವರು ಬೆರಳೆಣಿಕೆ. ಸಣ್ಣ ಊರಾದ್ದರಿಂದ ನೀವು ಯಾರ ಮನೆಗೆ ಹೋದಿರಿ, ಯಾರೊಡನೆ ಜಗಳವಾಡಿದಿರಿ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ.

ಸರ್ಕಾರಿ ನೌಕರರಿಗೆ ದ್ವೀಪದ ವಿಶೇಷ ಭತ್ಯೆ, ಕ್ವಾರ್ಟರ್ಸ್, ವರ್ಗಾವಣೆಯ ಭರವಸೆ ಇರುತ್ತವೆ. ಹೋಟೆಲು, ಡೈವಿಂಗ್, ರೆಸಾರ್ಟ್ ಕೆಲಸಕ್ಕೆ ಹೋದವರಿಗೆ ಇದ್ಯಾವುದೂ ಇಲ್ಲ. ಅಲ್ಲಿ ಪ್ರವಾಸಿಗರ ಹಂಗಾಮು ಇದ್ದಾಗ ದುಡಿಮೆ, ಮಳೆ ಹಿಡಿದರೆ ಕೈ ಖಾಲಿ. 2020ರ ಲಾಕ್‌ಡೌನ್‌ನಲ್ಲಿ ಪ್ರವಾಸೋದ್ಯಮ ನಿಂತಾಗ ದೇಶದ ಎಲ್ಲ ಕಡೆ ಜನ ನಡೆದಾದರೂ ಊರು ಸೇರಲು ಹೊರಟರು. ದ್ವೀಪದಿಂದ ನಡೆದು ಬರುವ ದಾರಿಯೇ ಇಲ್ಲ.

ಇಷ್ಟು ಹೇಳಿದ್ದು ದ್ವೀಪಗಳನ್ನು ಹೀಗಳೆಯಲು ಅಲ್ಲ. ಕೈ ಹಿಡಿದು ದೋಣಿಗೆ ಇಳಿಸಿಕೊಳ್ಳುವ ಜನ ಅಲ್ಲಿದ್ದಾರೆ. ಅಳತೆಯ ನೀರಿನಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಘನತೆಯಿಂದ ಬದುಕುವುದನ್ನು ನಾವೇ ಅವರಿಂದ ಕಲಿಯಬೇಕು. ನೌಕರಿಯ ಆರ್ಡರ್ ಕೈಯಲ್ಲಿದ್ದರೆ ಧೈರ್ಯವಾಗಿ ಹೋಗಿ. ಹೋಗುವ ಮೊದಲು ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ: ಮನೆಗೆ ನೀರು ಎಲ್ಲಿಂದ, ಆಸ್ಪತ್ರೆ ಎಷ್ಟು ದೂರ, ಮಳೆಗಾಲದಲ್ಲಿ ಹೊರಬರುವ ದಾರಿ ಯಾವುದು, ಊರಿಗೆ ತುರ್ತಾಗಿ ಬರಲು ಕೈಯಲ್ಲಿ ಎಷ್ಟು ಹಣ ಇರಬೇಕು. ಹಿಂದಿ ಕಲಿತು ಹೋಗಿ, ಲಕ್ಷದ್ವೀಪವಾದರೆ ನಾಲ್ಕು ಮಾತು ಮಲಯಾಳಂ ಕಲಿಯಿರಿ. ಅಲ್ಲಿನ ಬಾವಿಯನ್ನು ನಿಮ್ಮೂರಿನ ಬಾವಿಯಷ್ಟೇ ಜೋಪಾನವಾಗಿ ಬಳಸಿ. ಆದರೆ ಮೊಬೈಲಿನಲ್ಲಿ ಕಂಡ ನೀಲಿ ಸಮುದ್ರವನ್ನು ನಂಬಿ, ಇಲ್ಲಿನ ಎರಡು ಎಕರೆ ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದ್ವೀಪಕ್ಕೆ ಹೊರಡುವ ಯೋಚನೆ ಇದ್ದರೆ ಇವತ್ತೇ ಬಿಟ್ಟುಬಿಡಿ. ಆ ಹೊಲವನ್ನು ಉಳಿಸಿಕೊಂಡು, ರಜೆ ಹಾಕಿ, ಹತ್ತು ದಿನ ದ್ವೀಪ ನೋಡಿ ಬನ್ನಿ.